ಗೋವಾಕ್ಕೆ ಗೋವಿಂದಾ

ಬೂಸಾ ಮಾರಿದವರು ಗೋವಾ ನೋಡಿದ್ದುಂಟೇ? ಕಿಕ್ಕೇರಿಯ ಹಿಂಡಿ-ಬೂಸಾ ಅಂಗಡಿಯ ಚಲುವರಾಜುಗೆ ಆ ಯೋಗ ಬಂತು. ವರ್ಷವಿಡೀ ಮೂಟೆ ಮೇಲೆ ಮೂಟೆ ಮಾರಿದ್ದಕ್ಕೆ ಪಶು ಆಹಾರದ ಕಂಪನಿಯವರು ಮೆಚ್ಚಿ ಅವನಿಗೊಂದು ಕೂಪನ್ನು ಕಳಿಸಿದರು. ವಿಮಾನದಲ್ಲಿ ಗೋವಾ, ನದಿಯಲ್ಲಿ ತೇಲುವ ಹಡಗಿನೊಳಗೆ ಕ್ಯಾಸಿನೊ, ಎರಡು ರಾತ್ರಿ ವಾಸ, ಊಟ ಪುಕ್ಕಟೆ. ಕೂಪನ್ನಿನ ಮೂಲೆಯಲ್ಲಿ ಅವನದೇ ಫೋಟೋ. ಕಿವಿ ಮುಚ್ಚುವಷ್ಟು ಕ್ರಾಪು, ಹಳ್ಳಿಕಾರ್ ಹೋರಿಯ ಕೊಂಬಿನ ಹಾಗೆ ಮೇಲಕ್ಕೆ ತಿರುವಿದ ಮೀಸೆ. ಅದರ ಕೆಳಗೆ ದಪ್ಪಕ್ಷರದಲ್ಲಿ, ‘ಒಬ್ಬರಿಗೆ ಮಾತ್ರ. ಬೇರೆಯವರಿಗೆ ವರ್ಗಾಯಿಸುವಂತಿಲ್ಲ.’

‘ಒಬ್ಬರಿಗೆ ಮಾತ್ರ’ ಎಂಬ ಎರಡು ಪದ ಓದಿದಷ್ಟೂ ಅವನಿಗೆ ಬಾಯಲ್ಲಿ ಬೆಲ್ಲ ಕರಗಿದಂತಾಗುತ್ತಿತ್ತು. ಕಿಕ್ಕೇರಿಯಲ್ಲಿ ಮನುಷ್ಯ ಒಬ್ಬನೇ ಇರಲು ಸಾಧ್ಯವಿರುವುದು ಬಚ್ಚಲುಮನೆಯಲ್ಲಿ ಮಾತ್ರ. ಅಲ್ಲೂ ಹೆಂಡತಿ ಚಂದ್ರಕಲ ಬಾಗಿಲು ಬಡಿದು, “ಇನ್ನೂ ಎಷ್ಟೊತ್ತು, ಒಳೀಕೇ ಮನೆ ಮಾಡ್ಕಬುಟ್ರಾ?” ಎನ್ನುತ್ತಿದ್ದಳು.

ಚಂದ್ರಕಲಳಿಗೆ ಇಸ್ಪೀಟೆಂದರೆ ನಾಯಿ ಕಂಡ ಬೆಕ್ಕಿನ ಸಿಟ್ಟು. ಒಮ್ಮೆ ಅವನು ಅರಳಿಕಟ್ಟೆಯಲ್ಲಿ ಬರೀ ಆಟ ನೋಡುತ್ತ ಕೂತಿದ್ದಾಗ, ಸಗಣಿ ಕೈಯಲ್ಲೇ ಬಂದು ಕಿವಿ ಹಿಡಿದು ಮನೆತನಕ ನಡೆಸಿಕೊಂಡು ಹೋಗಿದ್ದಳು. ಅಂದೇ ಆಜ್ಞೆಯೂ ಆಗಿತ್ತು: “ಇನ್ನೊಂದ್ ಕಿತ ಎಲೆ ಮುಟ್ಟಿ ನೋಡಿ. ನಾನು ಪಾಲಳ್ಳಿಗೆ ನಮ್ಮವ್ವನ ಮನೆಗೆ ಓಯ್ತೀನಿ. ಒಬ್ಳೇ ಓಗಕಿಲ್ಲ, ಎಲ್ಡು ಸೀಮೆಹಸುನೂ ಇಡ್ಕಂಡೇ ಓಯ್ತೀನಿ!”

ಹೆಂಡತಿ ಹೋದರೆ ವಾರದಲ್ಲಿ ಬಂದಾಳು. ಹಸು ಹೋದರೆ ಡೇರಿಯಲ್ಲಿ ಮಾನವೇ ಹೋಗುತ್ತದೆ. ಹಾಗಾಗಿ ಚಲುವರಾಜು ಕೂಪನ್ನನ್ನು ಬೂಸಾ ಮೂಟೆಯೊಳಗೆ ಹೂತು, ಏಳು ಬೆಟ್ಟದೊಡೆಯನ ಮೊರೆ ಹೊಕ್ಕ.

“ತಿರುಪ್ತಿಗೆ ಓಗ್ಬುಟ್ಟು ಬತ್ತೀನಿ ಕನ. ಮುಡಿ ಕೊಡ್ತೀನಿ ಅಂತ ಅರ್ಕೆ ಮಾಡ್ಕಂಡಿದ್ದೆ. ಒಬ್ನೇ ಬತ್ತೀನಿ ಅಂತ ಬೇರೆ ಅಂದ್ಕಬುಟ್ಟಿವ್ನಿ.”

ಚಂದ್ರಕಲಳ ಕಣ್ಣಲ್ಲಿ ನೀರೇ ಬಂತು. ಮೀಸೆಯನ್ನು ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ ಗಂಡ ಮುಡಿ ಕೊಡುವುದೆಂದರೇನು!

ಅವನ ಲೆಕ್ಕ ಸರಳವಾಗಿತ್ತು. ಎರಡು ದಿನ ಗೋವಾದಲ್ಲಿ ಮಜಾ. ವಾಪಸು ಬರುವಾಗ ಬೆಂಗಳೂರಿನ ಯಾವುದೋ ಸಲೂನಿನಲ್ಲಿ ತಲೆ ಬೋಳಿಸಿ, ಯಾವುದೋ ಬೇಕರಿಯಲ್ಲಿ ಲಾಡು ಕಟ್ಟಿಸಿ, ಗೋವಿಂದಾ ಎನ್ನುತ್ತ ಮನೆ ಸೇರುವುದು. ಆದರೆ ಅವನೊಂದು ಮರೆತಿದ್ದ. ನಮ್ಮ ಸೀಮೆಯಲ್ಲಿ ತಿರುಪತಿಗೆ ಯಾರೂ ಒಬ್ಬರೇ ಹೋಗಲಾರರು. ಆಳು ಒಬ್ಬನೇ ಹೋದರೂ, ಬೀದಿಗೆ ಬೀದಿಯೇ ಅವನ ಬ್ಯಾಗಿನಲ್ಲಿ ಕೂತು ಹೋಗುತ್ತದೆ.

ಹೊರಟ ದಿನ ಕೋಳಿ ಕೂಗುವ ಹೊತ್ತಿಗೇ ಜಗಲಿಯ ತುಂಬ ಜನ. ಎಲ್ಲರ ಕೈಯಲ್ಲೂ ಅರಿಶಿನ ಬಟ್ಟೆಯಲ್ಲಿ ಕಾಸು ಕಟ್ಟಿದ ಮುಡಿಪಿನ ಗಂಟು. ಪಕ್ಕದ ಮನೆ ಬೀರಮ್ಮಜ್ಜಿಯದು ಎಲ್ಲಕ್ಕಿಂತ ದೊಡ್ಡದು, ಕೋಳಿಮೊಟ್ಟೆ ಗಾತ್ರ.

“ಮಗಾ, ನಮ್ಮೆಜಮಾನ್ರು ಇದ್ದಾಗ ಕಟ್ಟಿದ್ ಮುಡ್ಪು ಕಣಪ್ಪ. ನೀನೇ ನಿನ್ ಕೈಯಾರ ಉಂಡೀಗೆ ಆಕ್ಬೇಕು. ತಿಮ್ಮಪ್ಪ ಬಡ್ಡೀಕಾಸಿನೋನು, ಮರೆಯಕಿಲ್ಲ.”

ಚಂದ್ರಕಲ ಬ್ಯಾಗಿನ ತಳಕ್ಕೆ ಒಣಕೊಬ್ಬರಿ, ಅದರ ಮೇಲೆ ಚಕ್ಕುಲಿ, ಅದರ ಮೇಲೆ ಮುಡಿಪು ತುಂಬಿದಳು. ಬ್ಯಾಗು ಎತ್ತಿದರೆ ಎತ್ತಿನಗಾಡಿಯಂತೆ ಗಿಲಿಗಿಲಿ ಎಂದಿತು.

“ಒಬ್ನೇ ಓಯ್ತೀನಿ ಅಂದ್ರೆ ಎಂಗ್ಲಾ?” ಎನ್ನುತ್ತ ಎದುರುಮನೆ ಮುದ್ದಯ್ಯ ಟವಲು ಕೊಡವಿಕೊಂಡು ಎದ್ದ. ಯಾರ ಮನೆಯ ಕೆಲಸವಾದರೂ ತನ್ನದೆಂದು ಮೈಮೇಲೆ ಎಳೆದುಕೊಳ್ಳುವ ಮನುಷ್ಯ. “ನಾಗಮಂಗ್ಲದ ಗಂಟ ನಾನು ಬತ್ತೀನಿ, ನಡಿ. ಅಲ್ಲಿಗಂಟ ಬಂದ್ರೆ ಅರ್ಕೆ ಕೆಡಕಿಲ್ಲ ಬುಡು.”

ನಾಗಮಂಗಲದವರೆಗೂ ಮುದ್ದಯ್ಯ ಬಾಯಿ ಮುಚ್ಚಲಿಲ್ಲ. ಸಾಲದ್ದಕ್ಕೆ ಅಲ್ಲಿ ಬೆಂಗಳೂರು ಬಸ್ಸಿನ ಕಂಡಕ್ಟರನ ಕೈ ಹಿಡಿದು, “ಅಣ್ಣಾ, ಇವ್ನು ಮುಡಿ ಕೊಡಕೆ ಓಯ್ತಾವ್ನೆ, ಪಾಪದೋನು. ಬೆಂಗ್ಳೂರಲ್ಲಿ ತಿರುಪ್ತಿ ಬಸ್ಸಿಗೆ ನೀನೇ ನಿಂತು ಅತ್ತಿಸ್ಬುಡು. ಪುಣ್ಯ ಬತ್ತದೆ,” ಎಂದು ಒಪ್ಪಿಸಿಬಿಟ್ಟ.

ಕಂಡಕ್ಟರು ಪುಣ್ಯದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮೆಜೆಸ್ಟಿಕ್ಕಿನಲ್ಲಿ ಇಳಿದವನೇ ಚಲುವರಾಜುವಿನ ರಟ್ಟೆ ಹಿಡಿದು, ಸಂತೆಗೆ ಹೊಡೆದ ಹೋರಿಯಂತೆ ಎಳೆದುಕೊಂಡು ಹೋಗಿ ತಿರುಪತಿ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂರಿಸಿದ. ಅಷ್ಟೇ ಅಲ್ಲ, ಬಸ್ಸು ಹೊರಡಲಿ ಎಂದು ಕೆಳಗೆ ಕಾದು ನಿಂತ. “ಅರ್ಜೆಂಟು, ಒಂದಕ್ಕೆ” ಎಂದು ಕಿರುಬೆರಳು ತೋರಿಸಿ ಇಳಿದ ಚಲುವರಾಜು ಶೌಚಾಲಯದ ಒಂದು ಬಾಗಿಲಲ್ಲಿ ಹೋಗಿ ಇನ್ನೊಂದು ಬಾಗಿಲಲ್ಲಿ ಹೊರಬಿದ್ದು, ಗಿಲಿಗಿಲಿ ಸದ್ದಾಗದಂತೆ ಬ್ಯಾಗನ್ನು ಮಗುವಿನಂತೆ ಎದೆಗವಚಿಕೊಂಡು ಏರ್‌ಪೋರ್ಟ್ ಬಸ್ಸಿಗೆ ಓಡಿದ.

ಏರ್‌ಪೋರ್ಟಿನಲ್ಲಿ ಬ್ಯಾಗಿನ ಹೊಟ್ಟೆಯೊಳಗನ್ನು ಟಿ.ವಿ.ಯಲ್ಲಿ ನೋಡಿದ ಕಾವಲಿನವನಿಗೆ ಗಾಬರಿಯಾಯಿತು. ಗಂಟು, ಗಂಟು, ಗಂಟು. ಒಂದೊಂದನ್ನೂ ಮುಟ್ಟಿ ಅಲ್ಲಾಡಿಸಿ ನೋಡಿದ. ಮುಡಿಪು ಬಿಟ್ಟ. ಕೊಬ್ಬರಿ ಹಿಡಿದ. ಒಣಕೊಬ್ಬರಿಯಲ್ಲಿ ಎಣ್ಣೆ ಇರುತ್ತದಂತೆ, ಬೆಂಕಿ ಹತ್ತುತ್ತದಂತೆ, ವಿಮಾನಕ್ಕೆ ಬಿಡುವುದಿಲ್ಲವಂತೆ.

“ಸಾ, ನಮ್ ಕಡೆ ಮನೆ ಅಟ್ಟದ್ ತುಂಬ ಇದೇ ಇರದು. ಒಂದಿನಾನೂ ಅತ್ಕಂಡಿಲ್ಲ,” ಎಂದು ಚಲುವರಾಜು ವಾದಿಸಿದ. ಫಲವಿಲ್ಲ. ಕೊಬ್ಬರಿ ಡಬ್ಬಕ್ಕೆ ಬಿತ್ತು. ಅವನ ಆಧಾರ್ ಕಾರ್ಡು ನೋಡಿದವನು ಮಾತ್ರ ಫೋಟೋದ ಮೀಸೆಯನ್ನೂ ಮುಖದ ಮೀಸೆಯನ್ನೂ ಹೋಲಿಸಿ, ತಲೆದೂಗಿ ಒಳಗೆ ಬಿಟ್ಟ. ಇಡೀ ತಾಲೂಕಿನಲ್ಲಿ ಆಧಾರ್ ಫೋಟೋದಲ್ಲಿ ಚೆನ್ನಾಗಿ ಬಂದಿದ್ದವನು ಚಲುವರಾಜು ಒಬ್ಬನೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ವಿಮಾನ ಏರಿತು, ಇಳಿಯಿತು. ಗೋವಾದ ಗಾಳಿ ಮುಖಕ್ಕೆ ಬಡಿಯಿತು. “ಎಲ್ಲಿಗೆ ಓಯ್ತಾ ಇದ್ದೀಯ?” ಎಂದು ಕೇಳುವವರು ಒಬ್ಬರೂ ಇಲ್ಲ! ಚಲುವರಾಜು ಟ್ಯಾಕ್ಸಿಯಲ್ಲಿ ಕಾಲು ಚಾಚಿ ಕೂತು, ಮೀಸೆ ಹುರಿಮಾಡಿದ. ಫೋನು ಹೊಡೆದುಕೊಂಡಿತು.

“ಎಲ್ಲಿದ್ದೀರಿ?” ಚಂದ್ರಕಲಳ ದನಿ ಬತ್ತಿದ ಬಾವಿಯ ತಳದಿಂದ ಬಂದಂತಿತ್ತು.

“ಈಗ... ಬೆಟ್ಟದ್ ತಾವು.”

“ಮುಡಿ ಕೊಟ್ರಾ?”

“ನಾಳಿಕ್ ಕೊಟ್ರಾಯ್ತು ಅಂತ...”

“ನಾಳೀಕಾ? ಅಯ್ಯೋ ಶಿವ್ನೆ! ನೀವು ಮುಡಿ ಕೊಡಗಂಟ ನಾವ್ಯಾರೂ ಬಾಯಿಗ್ ಏನೂ ಆಕಲ್ಲ ಅಂತ ಉಪಾಸ ಕುಂತಿವ್ನಿ ಕನ್ರೀ. ಬೀರಮ್ಮಜ್ಜಿನೂ ಕುಂತದೆ. ಪಾಲಳ್ಳಿಯಿಂದ ನಮ್ಮವ್ವನೂ ಬಂದು ಕುಂತವ್ಳೆ. ಅವ್ವಂಗೆ ಸುಗರ್ರು ಬೇರೆ. ಆಗ್ಲೇ ಕೈಕಾಲು ನಡುಗ್ತಾ ಅದೆ. ಬಿರ್ನೆ ಬೋಳಿಸ್ಕಂಡು ಒಂದು ಫೋಟ ಕಳ್ಸಿ. ಪಾಯ್ಸ ಮಾಡ್ ಮಡಗಿವ್ನಿ, ನಿಮ್ ತಲೆ ನೋಡ್ಕಂಡೇ ಉಣ್ಣದು.”

ಚಲುವರಾಜುವಿನ ಎದೆ ಬೂಸಾ ನೆನೆದಂತೆ ನೆನೆದುಹೋಯಿತು. ಅತ್ತೆ ಅಣ್ಣಮ್ಮನಿಗೆ ಏನಾದರೂ ಆದರೆ, ತಿಥಿಯ ಊಟಕ್ಕೆ ಕೂತವರೆಲ್ಲ ತನ್ನ ತಲೆಗೂದಲನ್ನೇ ನೋಡುತ್ತಾರೆ. ಹೇಗೂ ಬೋಳಿಸಬೇಕಿದ್ದ ತಲೆ, ಎರಡು ದಿನ ಮುಂಚೆ ಬೋಳಿಸಿದರೆ ಗಂಟೇನು ಹೋಗುತ್ತದೆ?

ಟ್ಯಾಕ್ಸಿ ನಿಲ್ಲಿಸಿ ಒಂದು ಸಲೂನಿಗೆ ನುಗ್ಗಿದ. ಅಲ್ಲಿದ್ದವನು ಬಾಗಲಕೋಟೆ ಕಡೆಯವನು.

“ತಿರುಪತಿ ತರ ಬೋಳ್ಸಪ್ಪ. ನುಣ್ಣಗೆ.”

“ಅಲ್ರೀ ಸಾಹೇಬ್ರ, ತಿರುಪತಿ ಆ ಕಡೆ ಐತಿ, ನೀವು ಈ ಕಡೆ ಬಂದೀರಲ್ಲ?”

“ಮೊದ್ಲು ಕೆಲ್ಸ ಮಾಡಪ್ಪ. ಅಲ್ಲಿ ನಮ್ಮತ್ತೆ ಉಪಾಸ ಕುಂತವ್ರೆ.”

“ಅತ್ತಿ ಉಪವಾಸಕ್ಕ ಅಳಿಯ ತಲಿ ಕೊಡೂದು ನಾ ಇವತ್ತ ನೋಡಿದ್ನಿ,” ಎನ್ನುತ್ತ ಅವನು ಕತ್ತಿ ಮಸೆದ. ತಲೆಯನ್ನು ತೆಂಗಿನಕಾಯಿಯಂತೆ ಸುಲಿದ. ಚಲುವರಾಜು ಏಳಲು ಹೊರಟರೆ ಭುಜ ಒತ್ತಿ ಕೂರಿಸಿದ. “ಮೀಸಿ ಬಿಟ್ರ ದೇವ್ರಿಗೆ ಬಾಕಿ ಉಳಿಸಿದಂಗರೀ.” ಬೇಡ ಎಂದು ಬಾಯಿ ತೆರೆಯುವಷ್ಟರಲ್ಲಿ ಹೋರಿಯ ಎಡಗೊಂಬು ನೆಲಕ್ಕೆ ಬಿದ್ದಿತ್ತು. ಒಂಟಿಗೊಂಬಿನ ಹೋರಿ ಇದ್ದು ಮಾಡುವುದೇನು? ಬಲಗೊಂಬನ್ನೂ ಅವನೇ ತೆಗೆಸಿದ.

ತಲೆಗೆ ಮುಖದ ಪೌಡರು ಕಲೆಸಿ ಗಂಧದಂತೆ ಬಳಿಸಿಕೊಂಡು, ಬಿಳಿ ಗೋಡೆಗೆ ಬೆನ್ನು ಕೊಟ್ಟು, ಕೈಮುಗಿದು ಫೋಟೋ ತೆಗೆಸಿ ಕಳಿಸಿದ. ಕೂಡಲೇ ಉತ್ತರ ಬಂತು. ಪಾಯಸದ ಲೋಟ ಹಿಡಿದು ಸಾಲಾಗಿ ಕೂತ ಬೀದಿಯ ಹೆಂಗಸರ ಫೋಟೋ, ಮಧ್ಯದಲ್ಲಿ ಎರಡನೇ ಲೋಟ ಹಿಡಿದಿದ್ದ ಸುಗರ್ರಿನ ಅತ್ತೆ. ಚಲುವರಾಜು ನಿಟ್ಟುಸಿರು ಬಿಟ್ಟ. ದೇವರೂ ತೃಪ್ತ, ಅತ್ತೆಯೂ ತೃಪ್ತ. ಇನ್ನು ಹಡಗು.

ಸಂಜೆಗೆ ನದಿಯ ದಡ. ನೀರಿನ ನಡುವೆ ಹಡಗು ಬಣ್ಣಬಣ್ಣದ ದೀಪ ಹೊತ್ತು ನಿಂತಿತ್ತು. ದಡದ ಕೌಂಟರಿನಲ್ಲಿ ದಿಲೀಪ್ ಎಂಬ ಕಾರವಾರದ ಹುಡುಗ, ಕೋಟು ಟೈ ಕಟ್ಟಿದವನು, ಕೂಪನ್ನು ನೋಡಿದ. ತಲೆ ಎತ್ತಿ ತಲೆ ನೋಡಿದ. ಮತ್ತೆ ಕೂಪನ್ನು ನೋಡಿದ.

“ಇದು ಯಾರ ಕೂಪನ್ನು ಸರ್?”

“ನಂದೇ.”

“ಇವರಿಗೆ ಕೂದಲಿದೆ.”

“ನಂಗೂ ಇತ್ತು.”

“ಯಾವಾಗ?”

“ಮದ್ಯಾನದ ಗಂಟ.”

“ಮೀಸೆ?”

“ಅದೂ ಅದ್ರ ಜೊತೆಗೇ ಓಯ್ತು.”

ಆಧಾರ್ ಕಾರ್ಡು ಕೊಟ್ಟ. ಅದರಲ್ಲೂ ಅದೇ ಕ್ರಾಪು, ಅದೇ ಕೊಂಬು. ಚೆನ್ನಾಗಿ ಬಂದ ಫೋಟೋ ಚೆನ್ನಾಗಿಯೇ ಕೈಕೊಟ್ಟಿತು.

“ಬೇಜಾರು ಮಾಡ್ಕೊಳ್ಬೇಡಿ ಸರ್. ಮೊನ್ನೆ ಒಬ್ಬರು ಭಾವನ ಕೂಪನ್ನು ಹಿಡಿದು ಬಂದು ನನ್ನ ಕೆಲಸಕ್ಕೇ ಕುತ್ತು ತಂದಿದ್ರು. ಒಂದು ಕೆಲಸ ಮಾಡುವ. ನಿಮ್ಮನ್ನು ಬಲ್ಲ ಒಬ್ಬರು ವಿಡಿಯೋ ಕಾಲಿನಲ್ಲಿ ‘ಇವರೇ ಚಲುವರಾಜು’ ಅಂದ್ರೆ ಸಾಕು, ದೋಣಿ ಹತ್ತಿಸಿಬಿಡ್ತೇನೆ.”

ಚಲುವರಾಜು ಯೋಚಿಸಿದ. ಹೆಂಡತಿಗೆ ಮಾಡುವ ಮಾತೇ ಇಲ್ಲ. ಮುದ್ದಯ್ಯ? ಬಾಯಿ ಬಡುಕ ನಿಜ. ಆದರೆ ಗೋವಾದ ಒಂದು ಬಾಟ್ಲಿಗೆ ಆ ಬಾಯಿ ಮುಚ್ಚೀತು. ಅವನು ಹೊಲದಲ್ಲೋ ಕಟ್ಟೆಯಲ್ಲೋ ಒಬ್ಬನೇ ಇದ್ದಾನು.

ಮುದ್ದಯ್ಯ ಇದ್ದದ್ದು ಚಲುವರಾಜುವಿನ ಜಗಲಿಯಲ್ಲಿ, ಚಲುವರಾಜುವಿನ ಮನೆಯ ಪಾಯಸದ ಮುಂದೆ.

“ಓಹೋ, ಬಂದ್ನಲ್ಲಪ್ಪೋ ಬೋಡಪ್ಪ! ಬನ್ರವ್ವೋ ಎಲ್ಲಾರೂವೆ, ಚಲುವ ಬೆಟ್ಟದ್ ಮೇಲಿಂದ ಫೋನ್ ಮಾಡವ್ನೆ!”

“ಮುದ್ದಣ್ಣೋ, ಸುಮ್ಕಿರು, ಓಸಿ ಅತ್ತಾಗ್ ಬಾ...” ಎನ್ನುವಷ್ಟರಲ್ಲಿ ಪರದೆಯ ತುಂಬ ತಲೆಗಳು. ಬೀರಮ್ಮಜ್ಜಿ ಕೈಮುಗಿದು, ಅವನ ಬೆನ್ನ ಹಿಂದಿನ ಹಡಗಿನ ದೀಪಗಳನ್ನು ಕಣ್ತುಂಬ ನೋಡಿತು.

“ನೋಡ್ರವ್ವಾ, ನೀರ್ ಮ್ಯಾಲೆ ಎಂಗ್ ಮಿಂಚ್ತಾ ಅದೆ! ತೆಪ್ಪೋತ್ಸವ ಕಣ್ರವ್ವಾ! ಗೋವಿಂದಾ, ಗೋವಿಂದ!”

ಬೀದಿಯೆಲ್ಲ ಗೋವಿಂದನ ಸ್ಮರಣೆ ಮಾಡಿತು. ದಿಲೀಪ್ ಫೋನು ಈಸಿಕೊಂಡ. ಚಲುವರಾಜು ಕೈಯಲ್ಲಿ ಬೇಡ ಎಂದ, ಕಣ್ಣಲ್ಲಿ ಬೇಡ ಎಂದ, ಬೋಳುತಲೆಯಲ್ಲೂ ಬೇಡ ಎಂದ. ಹುಡುಗ ಬಲು ಸಭ್ಯ, ಮಾತು ಸ್ಪಷ್ಟ.

“ನಮಸ್ಕಾರ. ಇದು ಗೋವಾದ ಕ್ಯಾಸಿನೊ. ಜೂಜಿನ ಹಡಗು. ಇವರು ಕಿಕ್ಕೇರಿಯ ಚಲುವರಾಜು ಅಂತ ಹೇಳಿ ಒಳಗೆ ಹೋಗ್ಲಿಕ್ಕೆ ಬಂದಿದ್ದಾರೆ. ಹೌದೋ ಅಲ್ಲವೋ, ಮನೆಯವರು ಯಾರಾದ್ರೂ ಹೇಳ್ತೀರಾ?” ಎಂದು ಫೋನನ್ನು ಚಲುವರಾಜುವಿನ ಕಡೆ ತಿರುಗಿಸಿದ.

ಮುದ್ದಯ್ಯನ ಪಾಯಸ ಲೋಟಕ್ಕೂ ಬಾಯಿಗೂ ನಡುವೆ ನಿಂತಿತು. ಜನರನ್ನು ಸರಿಸಿಕೊಂಡು ಚಂದ್ರಕಲ ಮುಂದೆ ಬಂದಳು. ಫೋನಿಗೆ ಮುಖ ಹತ್ತಿರ ತಂದು ನೋಡಿದಳು. ಬೋಳುತಲೆ ನೋಡಿದಳು, ದೀಪದ ಹಡಗು ನೋಡಿದಳು. ಆಮೇಲೆ ತಿರುಗಿ, ಮುಡಿಪು ಕಟ್ಟಿಕೊಟ್ಟ ಇಡೀ ಬೀದಿಯನ್ನು ನೋಡಿದಳು.

“ಚಂದ್ರೂ...” ಎಂದ ಚಲುವರಾಜು, ಕರು ಕರೆದಂತೆ.

“ಯಾರಪ್ಪ ಇವ್ನು? ನಂಗ್ ಗೊತ್ತಿಲ್ಲ,” ಎಂದಳು ಚಂದ್ರಕಲ. “ನಮ್ಮೆಜಮಾನ್ರು ತಿರುಪ್ತೀಲಿ ದೇವರ ಮುಂದ್ ನಿಂತವ್ರೆ. ಅವ್ರು ಇಸ್ಪೀಟ್ ಎಲೆ ಇರ್ಲಿ, ವೀಳ್ಯದೆಲೆನೂ ನನ್ ಕೇಳ್ದೆ ಮುಟ್ಟೋರಲ್ಲ.”

“ಅಲ್ಲ ಕಣವ್ವಾ,” ಬೀರಮ್ಮಜ್ಜಿ ಕಣ್ಣು ಕಿರಿದು ಮಾಡಿತು, “ನಮ್ ಚಲುವನಂಗೇ ಅವ್ನಲ್ಲ?”

“ಬೋಡ್ರೆಲ್ಲ ಒಂದೇ ತರ ಕಾಣ್ತಾರೆ ಕನಜ್ಜಿ.”

“ನಂಬ್ರು ಚಲುವಂದೇ ಅದೆ ಕಣವ್ವ!” ಮುದ್ದಯ್ಯ ಬಿಡಲಿಲ್ಲ.

“ಅಂಗಾದ್ರೆ ಅವ್ರ ಫೋನ್ ಕದ್ದವ್ನೆ. ತಿರುಪ್ತೀಲಿ ಕಳ್ರು ಜಾಸ್ತಿ ಅಂತ ಏಳಿರ್ಲಿಲ್ವಾ? ಬ್ಯಾಗೂ ಅವ್ರದೇ! ಏ ತಮ್ಮಾ, ಟೈ ಕಟ್ಟಿರೋನೆ, ಆ ಕಳ್ಳನ್ನ ಒಳೀಕ್ ಬುಡ್ಬ್ಯಾಡ ಕಣಪ್ಪ!”

ಫೋನು ಕಟ್ಟಾಯಿತು. ದಿಲೀಪನ ಸಭ್ಯತೆಯೂ ಕಟ್ಟಾಯಿತು. ಕೂಪನ್ನು ಅವನ ಡ್ರಾಯರಿಗೆ ಸೇರಿತು. ಎಮ್ಮೆಯಂಥ ಇಬ್ಬರು ಕಾವಲುಗಾರರು ಗಿಲಿಗಿಲಿ ಎನ್ನುವ ಬ್ಯಾಗನ್ನು ಅನುಮಾನದಿಂದ ನೋಡುತ್ತ ಚಲುವರಾಜುವನ್ನು ರಸ್ತೆಯ ತನಕ ಬಿಟ್ಟು ಬಂದರು. ಆಚೆ, ನೀರಿನ ನಡುವೆ, ತೆಪ್ಪೋತ್ಸವ ಜೋರಾಗಿ ನಡೆದಿತ್ತು.

ಬ್ಯಾಗಿನ ಮೇಲೆ ಕೂತು ಒಂದು ಚಕ್ಕುಲಿ ಮುರಿಯುವಾಗ ಫೋನು ಕೂಗಿತು. ಚಂದ್ರಕಲಳ ವಾಯ್ಸ್ ಮೆಸೇಜು. ದನಿ ಆರಿದ ಪಾಯಸದಷ್ಟು ತಣ್ಣಗಿತ್ತು.

“ಏನಪ್ಪಾ ಕಳ್ಳ, ನಮ್ಮೆಜಮಾನ್ರು ಸಿಕ್ಕಿದ್ರೆ ಒಂದ್ ಮಾತು ಏಳ್ಬುಡು. ಬೀದಿಯೋರ್ ಮುಡ್ಪೆಲ್ಲ ತಿಮ್ಮಪ್ಪನ ಉಂಡೀಗೇ ಬೀಳ್ಬೇಕು. ಲಾಡು ಬೇಕ್ರೀದು ಬ್ಯಾಡ, ಬೆಟ್ಟದ್ದೇ ಬೇಕು. ಮುಡಿನೂ ಬೆಟ್ಟದ್ ಮೇಲೇ ಕೊಡ್ಬೇಕು. ಕೂದ್ಲಿಲ್ಲ ಅಂದ್ರೆ ಬೆಳೆಯಗಂಟ ಅಲ್ಲೇ ಇರ್ಲಿ, ಅವಸರ ಇಲ್ಲ. ಅಸುಗಳ್ ಚಿಂತೆ ಬ್ಯಾಡ ಅನ್ನು. ಟೆಂಪೋ ಬಂದದೆ, ಪಾಲಳ್ಳಿಗೆ ಅತ್ತಿಸ್ತಾ ಇವ್ನಿ.”

ಹಿನ್ನೆಲೆಯಲ್ಲಿ ಸೀಮೆಹಸುವೊಂದು ಅಂಬಾ ಎಂದಿತು. ಚಲುವರಾಜು ಮೆಲ್ಲಗೆ ಕೈಯೆತ್ತಿ ತಲೆ ಸವರಿಕೊಂಡ. ತೊಳೆದಿಟ್ಟ ಹಾಲಿನ ಕ್ಯಾನಿನಷ್ಟು ನುಣುಪು. ಒಂದೇ ಒಂದು ಎಳೆಯೂ ಮೊಳೆತಿರಲಿಲ್ಲ.