ಹೆವಿ ಮೆಟಲ್ ಬಿಡುಗಡೆ

ಸವಿತಾ ನೆಲದ ಮೇಲೆ ಒಬ್ಬಳೇ ಕೂತು ಸಿಡಿಗಳನ್ನು ಕವರಿಗೆ ಹಾಕುತ್ತಿದ್ದಳು. ಕವರಿನ ಮೇಲೆ ಕಪ್ಪು ಹೊಗೆ, ನಡುವೆ ಎಮ್ಮೆಯ ಕೊಂಬು. ಒಳಗೆ ಹೆವಿ ಮೆಟಲ್ ಎಂಬ ಅಬ್ಬರದ ಸಂಗೀತದ ಎಂಟು ಹಾಡು, ಎಂಟಕ್ಕೂ ಅವಳದೇ ದನಿ.

ಪೀಣ್ಯದ ಆ ಓಣಿಯಲ್ಲಿ ಆ ದನಿ ಯಾರಿಗೂ ಗೊತ್ತಿರಲಿಲ್ಲ. ಕೊಪ್ಪಳದಿಂದ ಬಂದಾಗಿನಿಂದ ತಲೆ ಎತ್ತಿ ಮಾತಾಡಿದವಳಲ್ಲ. ಮನೆ ಒಡತಿ ರಾಮಮ್ಮ ಅವಳನ್ನು ಮೂಗಿ ಎಂದೇ ನಂಬಿ, ನಲ್ಲಿಯಲ್ಲಿ ನೀರು ಬಂತು ಎನ್ನಲೂ ಕೈಸನ್ನೆ ಮಾಡುತ್ತಿದ್ದಳು. ಆದರೆ ಭಾನುವಾರ ಓಣಿಯ ಖಾಲಿ ಶೆಡ್ಡೊಂದರ ಬಾಗಿಲು ಮುಚ್ಚಿ, ಸದ್ದು ಹೊರಹೋಗದಂತೆ ಗೋಡೆಗೆಲ್ಲ ಮೊಟ್ಟೆ ಟ್ರೇ ಬಡಿದು ಬ್ಯಾಂಡಿನ ಹುಡುಗರು ಮೈಕು ಕೊಟ್ಟರೆ, ಗ್ರೈಂಡರಿಗೆ ಕಬ್ಬಿಣ ಸಿಕ್ಕಂತೆ ಗರ್ಜಿಸುತ್ತಿದ್ದಳು.

ಓಣಿಯವರು ಒಮ್ಮೆ ಕೇಳಲಿ ಎಂಬುದೊಂದೇ ಅವಳ ಆಸೆ. ಮನೆಮನೆಗೆ ಹೋಗಿ ಕರೆಯಲು ಬಾಯಿ ಬರಲಿಲ್ಲ. ಶೆಡ್ಡಿನ ಬಾಗಿಲಿಗೆ ಹಾಳೆ ಅಂಟಿಸಿದಳು: 'ಇಂದು ಸಂಜೆ ಇಲ್ಲಿ ಹೆವಿ ಮೆಟಲ್ ಬಿಡುಗಡೆ. ಎಲ್ಲರೂ ಬನ್ನಿ.'

ಆ ಓಣಿಗೆ ಹೆವಿ ಮೆಟಲ್ ಎಂದರೆ ಒಂದೇ ಅರ್ಥ. ಕಾರ್ಖಾನೆಗಳು ಮೋರಿಗೆ ಬಿಟ್ಟು, ಬೋರ್‌ವೆಲ್ಲಿಗೆ ಇಳಿದಿದ್ದ ಲೋಹದ ವಿಷ.

"ಲಕ್ಷ್ಮಯ್ಯ, ಬಾ ಇಲ್ಲಿ!" ರಾಮಮ್ಮ ಎದುರುಮನೆಯವನನ್ನು ಕೂಗಿದಳು. "ಬೇರೆಯೋರು ಕದ್ದುಮುಚ್ಚಿ ಬಿಡ್ತಾರೆ. ಈ ಮೂಗಿ ಬೋರ್ಡ್ ಆಕಿ ಬಿಡ್ತಾಳಂತೆ!"

"ಎಲ್ರೂ ಬನ್ನಿ ಅಂತ ಬೇರೆ ಬರ್ದವ್ಳೆ. ಏನ್ ಧೈರ್ಯ ಕಣಮ್ಮಿ!" ಎಂದು ಲಕ್ಷ್ಮಯ್ಯ ಮಾಲಿನ್ಯ ಮಂಡಳಿಗೆ ಫೋನು ಹಚ್ಚಿದ.

ಮಧ್ಯಾಹ್ನದೊಳಗೆ ಓಣಿ ಕೊಡ, ಬಕೆಟ್ಟು, ಮಕ್ಕಳ ವಾಟರ್ ಬಾಟಲಿಗೂ ನೀರು ತುಂಬಿಸಿಕೊಂಡಿತು. ಸಂಜೆ ಶೆಡ್ಡಿನ ಬಾಗಿಲು ತೆರೆದ ಸವಿತಾ ಗುಂಪು ಕಂಡು ಕಣ್ಣು ತುಂಬಿಕೊಂಡಳು. ಇಷ್ಟು ಜನ! ಬ್ಯಾಂಡಿನ ಹುಡುಗರೂ ದೂರದಿಂದ ನೋಡಿ ಅಭಿಮಾನಿಗಳೆಂದು ಹಿಗ್ಗಿದರು. ಗುಂಪಿನ ಹಿಂದೆ ಸರ್ಕಾರಿ ಜೀಪು ಕಂಡಿದ್ದೇ ಬೈಕು ತಿರುಗಿಸಿ ಓಡಿದರು.

ಜೀಪಿನಿಂದ ತಪಾಸಣೆಯ ಸಾಹೇಬರು ಇಳಿದರು. "ಬಿಡೋದು ನೀನೇನಮ್ಮ?"

"ಹೌದ್ರಿ ಸರ."

"ಅಯ್ಯೋ, ಮಾತಾಡ್ತದೆ!" ರಾಮಮ್ಮ ಬೆಚ್ಚಿದಳು.

"ಯಾವಾಗಿಂದ ನಡೀತಿದೆ?"

"ಒಂದ್ ವರ್ಷದಿಂದ ರೀ. ಪ್ರತಿ ಐತವಾರ."

"ಎಷ್ಟು ಜನಕ್ಕೆ ಮುಟ್ಟುತ್ತೆ, ಯೋಚ್ನೆ ಇದ್ಯಾ?"

"ಎಲ್ಲಾರಿಗೂ ಮುಟ್ಲಿ ಅಂತ ಆಸೆ ಐತ್ರಿ."

ಗುಂಪಿನಿಂದ ಪೊರಕೆಯೊಂದು ಹಾರಿಬಂತು.

"ಮಾಲು ತೋರ್ಸು."

ಸವಿತಾ ಸಿಡಿ ಕೊಟ್ಟಳು. ಸಾಹೇಬರು ತಿರುಗಿಸಿದರು, ಮೂಸಿದರು, ಆಮೇಲೆ ನಕ್ಕುಬಿಟ್ಟರು. "ಇದು ಹಾಡು ಕಣ್ರೀ!"

"ಥೂ! ಹಾಡಾ?" ರಾಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಂದಿದ್ದಾಯ್ತಲ್ಲ, ಆಕಮ್ಮಿ, ಕೇಳಾನ."

ಸವಿತಾ ಒಳಗೆ ಓಡಿದಳು. ಅಷ್ಟರಲ್ಲಿ ಸಾಹೇಬರು, ಬಂದ ತಪ್ಪಿಗೆ ಇರಲಿ ಎಂದು, ಹಿಂದಿನ ಮೋರಿಗೆ ಪರೀಕ್ಷೆಯ ಪಟ್ಟಿ ಅದ್ದಿದರು. ಪಟ್ಟಿಯ ಬಣ್ಣ ಬದಲಾಯಿತು. ಪೈಪಿನ ಜಾಡು ಹಿಡಿದು ಹೊರಟರೆ ಸಿಕ್ಕಿದ್ದು ಪಕ್ಕದ, ಕಬ್ಬಿಣಕ್ಕೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಶೆಡ್ಡು. ಸವಿತಾ ದಿನವೂ ಕೆಲಸ ಮಾಡುವುದು ಅಲ್ಲೇ.

"ಸಿಕ್ತು ಹೆವಿ ಮೆಟಲ್ಲು! ಸೀಲ್ ಮಾಡ್ರೋ, ಫ್ಯೂಸ್ ಕೀಳ್ರೋ!"

ಶೆಡ್ಡುಗಳ ಇಡೀ ಸಾಲಿಗೆ ಕರೆಂಟಿನದು ಒಂದೇ ಲೈನು. ಸ್ಪೀಕರಿನಲ್ಲಿ ಸವಿತಾಳ ದನಿ "ಆ" ಎಂದು ಎದ್ದದ್ದು ಅಲ್ಲೇ ನಿಂತಿತು.

ಗುಂಪು ಪಕ್ಕದ ಶೆಡ್ಡಿಗೆ ಓಡಿತು. ಪ್ಲೇಟಿಂಗ್ ಮಾಲೀಕ ಅಲ್ಲಿಂದಲೇ ಅರಚಿದ: "ನಿನ್ನ ಬೋರ್ಡಿಂದ ಕಣೇ ಇದೆಲ್ಲ! ಬೀಗ ತೆಗೆದ್ರೂ ನೀನು ಕೆಲ್ಸಕ್ಕೆ ಬರ್ಬೇಡ!"

ಓಣಿಯವರು ಫೋನು ಮಾಡಿ ಸಾಹೇಬರನ್ನು ಕರೆಸಿದ ಲಕ್ಷ್ಮಯ್ಯನನ್ನು ಹೆಗಲ ಮೇಲೆ ಹೊತ್ತಿದ್ದರು. ಶಿಳ್ಳೆ, ಚಪ್ಪಾಳೆ. ಎಲ್ಲರ ಬೆನ್ನೂ ಇತ್ತ ಕಡೆ.

ಸವಿತಾ ಬಾಗಿಲಿಗೆ ಬಂದು, ಮೊದಲ ಸಲ ಮೈಕಿಲ್ಲದೆ ದನಿ ಎತ್ತಿದಳು.

"ಕರೆಂಟ್ ಇಲ್ಲಂದ್ರ ನಾನ ಹಾಡ್ತೀನ್ರಿ. ಒಂದ್ ಹಾಡು ಕೇಳಿ ಹೋಗ್ರಿ."