ಮರ್ಯಾದಸ್ಥನ ಮನೆಯಲ್ಲಿ ಇಸ್ಪೀಟು

ಮಾಡಿದ ತಪ್ಪಿಗೆ ಬೈಸಿಕೊಳ್ಳುವುದು ಅಂಥ ಕಷ್ಟವೇನಲ್ಲ. ಬೈಗುಳ ಕೇಳುತ್ತಲೇ, ತಪ್ಪು ಮಾಡುವಾಗಿನ ಸುಖವನ್ನು ಒಳಗೊಳಗೇ ನೆನೆಸಿಕೊಳ್ಳಬಹುದು. ಮಾಡದ ತಪ್ಪಿಗೆ ಬೈಸಿಕೊಳ್ಳುವವನಿಗೆ ಆ ಸಮಾಧಾನವೂ ಇಲ್ಲ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯಬಾರದೆಂದು ಹಿರಿಯರು ಹೇಳಿದ್ದು ನನ್ನಂಥವನೊಬ್ಬನನ್ನು ಕಂಡೇ ಇರಬೇಕು. ನಾನಂತೂ ಇಪ್ಪತ್ತು ವರ್ಷಗಳಿಂದ ಈಚಲು ಮರದ ಕೆಳಗೇ ಮನೆ ಕಟ್ಟಿಕೊಂಡು ಮಜ್ಜಿಗೆ ಕುಡಿಯುತ್ತಿದ್ದೇನೆ. ವಿಷಯ ಇಷ್ಟೇ: ಆಳಂದದ ನಮ್ಮ ಮನೆಯಲ್ಲಿ ಇನ್ನೂರ ಹದಿನಾಲ್ಕು ಕಟ್ಟು ಇಸ್ಪೀಟು ಎಲೆಗಳಿವೆ. ನನಗೆ ಇಸ್ಪೀಟು ಆಡಲು ಬರುವುದಿಲ್ಲ. ಮೊದಲ ಮಾತನ್ನು ಜನ ಕೂಡಲೇ ನಂಬುತ್ತಾರೆ. ಎರಡನೆಯದನ್ನು ಕೇಳಿ ನಗುತ್ತಾ ನನ್ನ ಬೆನ್ನು ತಟ್ಟುತ್ತಾರೆ.

ಇದಕ್ಕೆಲ್ಲ ಮೂಲ ಕಾರಣ ಹತ್ತನೆಯ ತರಗತಿಯ ಗಣಿತ ಪುಸ್ತಕ. ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಸಂಭವನೀಯತೆ ಎಂಬ ಪಾಠದಲ್ಲಿ, ಐವತ್ತೆರಡು ಎಲೆಗಳ ಕಟ್ಟಿನಿಂದ ಒಂದು ಎಲೆ ತೆಗೆದರೆ ಅದು ಕೆಂಪು ರಾಜನಾಗುವ ಸಾಧ್ಯತೆ ಎಷ್ಟು ಎಂಬಂಥ ಲೆಕ್ಕಗಳಿರುತ್ತವೆ. ಎಲೆ ಮುಟ್ಟಿದರೆ ಕೈ ತೊಳೆಯಬೇಕೆನ್ನುವ ಮನೆಯಲ್ಲಿ ಬೆಳೆದ ನನಗೆ ಕಟ್ಟಿನಲ್ಲಿ ಕೆಂಪು ರಾಜರು ಎಷ್ಟು ಜನವೆಂಬುದೇ ಗೊತ್ತಿರಲಿಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ನಾನೇ ಯೋಚಿಸುತ್ತ ನಿಂತಾಗ, ಅಲ್ಲಿಯವರೆಗೆ ಬಾಯಿ ಬಿಟ್ಟಿರದ ಕೊನೆಯ ಬೆಂಚಿನಿಂದ ಉತ್ತರ ಬಂತು: "ಇಪ್ಪತ್ತಾರರಾಗ ಒಂದ್ರಿ ಸರ." ಅವಮಾನವಾಯಿತು. ಅಂದೇ ಸಂಜೆ ಒಂದು ಕಟ್ಟು ಕೊಂಡು ತಂದೆ. ಎಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡುತ್ತ ಕೂತವನಿಗೆ ಒಂದು ಸಂಗತಿ ಕಾಣಿಸಿತು. ನಾಲ್ಕು ರಾಜರಲ್ಲಿ ಮೂವರಿಗೆ ಮೀಸೆಯಿದೆ, ಹೃದಯದ ಗುರುತಿನ ಬದಾಮಿನ ರಾಜನಿಗೆ ಮಾತ್ರ ಇಲ್ಲ! ಲೆಕ್ಕ ಮರೆತುಹೋಯಿತು. ಇವನ ಮೀಸೆ ಎಲ್ಲಿ ಹೋಯಿತೆಂದು ಹುಡುಕಲು ಹೊರಟವನು ಇಪ್ಪತ್ತು ವರ್ಷವಾದರೂ ವಾಪಸು ಬಂದಿಲ್ಲ. ಹಿಂದಿನ ಕಾಲದ ಕೆತ್ತನೆಯವರು ಒಬ್ಬರದನ್ನು ನೋಡಿ ಒಬ್ಬರು ನಕಲು ಮಾಡುತ್ತ ಹೋದಂತೆ ಮೀಸೆ ಸವೆದುಹೋಯಿತೆಂದು ಹೇಳುವವರಿದ್ದಾರೆ. ಇದನ್ನು ಉತ್ಸಾಹದಿಂದ ನನ್ನ ಹೆಂಡತಿ ಶಾಂತಾಳಿಗೆ ವಿವರಿಸಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ಮನಿಗೆ ಕಾಯಿಪಲ್ಯ ತರೂದು ಬಿಟ್ಟು ಇಂಥವೆಲ್ಲಾ ತಂದಿರಬೇಕು, ಅದಕ್ಕ ಹೆಂಡ್ತಿನ ಬೋಳಿಸ್ಯಾಳ" ಎಂದಳು. ನನಗೆ ಈಗಲೂ ಇದೇ ಹೆಚ್ಚು ಒಪ್ಪತಕ್ಕ ವಾದವೆನಿಸುತ್ತದೆ.

ಒಂದು ಕಟ್ಟು ಹತ್ತಾಯಿತು, ಹತ್ತು ನೂರಾಯಿತು. ಜೇವರ್ಗಿಯಲ್ಲಿ ರದ್ದಿ ಅಂಗಡಿ ಇಟ್ಟಿರುವ ಮಹಬೂಬಸಾಬರು ಹಳೆಯ ಪೆಟ್ಟಿಗೆ, ಕಪಾಟುಗಳಲ್ಲಿ ಸಿಕ್ಕ ಎಲೆಗಳನ್ನೆಲ್ಲ ನನಗಾಗಿ ತೆಗೆದಿಡತೊಡಗಿದರು. ಮೂಲೆಗೆ ಅಂಕಿಯಿಲ್ಲದ ಹಳೆಯ ಎಲೆಗಳು, ವಿಮಾನದಲ್ಲಿ ಪುಕ್ಕಟೆ ಕೊಡುತ್ತಿದ್ದ ಎಲೆಗಳು, ನೀರಿನಲ್ಲಿ ತೊಳೆಯಬಹುದಾದ ಹೊಸ ಪ್ಲಾಸ್ಟಿಕ್ ಎಲೆಗಳು, ಕೊರಿಯರಿನಲ್ಲಿ ತರಿಸಿದ ಪೂರಾ ಕಪ್ಪು ಬಣ್ಣದ ಎಲೆಗಳು ಹೀಗೆ ಎಲ್ಲವೂ ನನ್ನ ಕಪಾಟು ಸೇರಿದವು. ಕಟ್ಟಿನ ಜಾತಕವೆಲ್ಲ ಇಸ್ಪೀಟಿನ, ಅಂದರೆ ಕಪ್ಪು ಸ್ಪೇಡ್ ಗುರುತಿನ, ಎಕ್ಕದಲ್ಲಿರುತ್ತದೆ. ತಯಾರಿಸಿದ ಊರು, ಕಾರಖಾನೆ ಎಲ್ಲವನ್ನೂ ಹೆಚ್ಚಾಗಿ ಅದರ ಮೇಲೆಯೇ ಅಚ್ಚು ಹಾಕುತ್ತಾರೆ. ಆದ್ದರಿಂದ ನಾನು ಯಾವ ಕಟ್ಟನ್ನು ತೆರೆದರೂ ಮೊದಲು ಹುಡುಕುವುದು ಆ ಎಕ್ಕವನ್ನು, ಭೂತಗನ್ನಡಿ ಹಿಡಿದುಕೊಂಡು. ನಮ್ಮ ಹೆಡ್ ಮಾಸ್ತರರು ಪ್ರತಿವರ್ಷ ಸಂಭವನೀಯತೆಯ ಪಾಠ ಬಂದಾಗ ಬೇರೆ ವಿಭಾಗದ ಮಕ್ಕಳನ್ನೂ ನನ್ನ ಕ್ಲಾಸಿಗೇ ಕೂಡಿಸುತ್ತಿದ್ದರು. "ಈ ಪಾಠಕ್ಕ ನಿಮ್ಮಷ್ಟು ಅನುಭವಸ್ಥರು ಯಾರದಾರ್ರಿ ಸರ?" ಎಂದು ಅವರು ಕಣ್ಣು ಮಿಟುಕಿಸಿದರೆ ನನ್ನ ಮೈ ಉರಿಯುತ್ತಿತ್ತು.

ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ಒಂದು ಪಂಚನಾಮೆ. ನಮ್ಮ ಕಡೆ ನಾಗರಪಂಚಮಿ ಬಂತೆಂದರೆ ಗಿಡದ ನೆರಳಿರುವಲ್ಲೆಲ್ಲ ಇಸ್ಪೀಟಿನ ಚಾಪೆ ಹಾಸುತ್ತಾರೆ. ಆಡುವವರಿಗೆ ಜೋಕರ್ ಎಲೆ ಬೇಕಾಗದಿದ್ದರೆ ಅದನ್ನು ಖಾಲಿ ಡಬ್ಬಿಯ ಜೊತೆ ಅಲ್ಲೇ ಬಿಸಾಕುತ್ತಾರೆ. ಜೋಕರ್‌ಗಳನ್ನು ಆರಿಸಿಕೊಳ್ಳಲು ನನಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಾಗೆ ಒಂದು ಹಳ್ಳಿಯ ಹುಣಸೆಗಿಡದ ಹಿಂದೆ ಬಗ್ಗಿ ಆರಿಸುತ್ತಿದ್ದಾಗಲೇ ಪೊಲೀಸರು ಬಂದರು. ಆಡುತ್ತಿದ್ದವರು ಸಿಕ್ಕರು. ನಾನು ಮಾಸ್ತರನೆಂದು ತಿಳಿದು ಜಮಾದಾರರು ನನ್ನನ್ನು ಸಾಕ್ಷಿಗೆ ಪಂಚನನ್ನಾಗಿ ಮಾಡಿಕೊಂಡು, ಐವತ್ತೆರಡು ಇಸ್ಪೀಟು ಎಲೆಗಳು ಎಂದು ಬರೆದಿದ್ದ ಕಾಗದವನ್ನು ಸಹಿಗೆ ಚಾಚಿದರು. ನಾನು ಸುಮ್ಮನೆ ಸಹಿ ಮಾಡಬೇಕೋ ಬೇಡವೋ? ಎಣಿಸಿದೆ. ಐವತ್ತೊಂದೇ ಇದ್ದವು. ಕಳೆದುಹೋದ ಚೌಕಟ್ ಏಳರ ಬದಲಿಗೆ ಯಾರೋ ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ಪೆನ್ನಿನಿಂದ ಏಳು ಎಂದು ಬರೆದುಕೊಂಡಿದ್ದರು. "ಇದು ಎಲಿ ಅಲ್ರಿ, ಲಗ್ನಪತ್ರಿಕಿ" ಎಂದು ನಾನು. "ಇಸ್ಪೀಟ ಅಂದ್ರ ಐವತ್ತೆರಡ್ರಿ ಮಾಸ್ತರ, ನಾ ಯಾವಾಗ್ಲೂ ಹಂಗ ಬರದೇನಿ" ಎಂದು ಅವರು. ಅರ್ಧ ಗಂಟೆ ವಾದವಾಯಿತು. ಕೊನೆಗೆ ಐವತ್ತೊಂದು ಎಲೆ ಮತ್ತು ಒಂದು ಲಗ್ನಪತ್ರಿಕೆಯ ತುಂಡು ಎಂದು ಬರೆಯಿಸಿಯೇ ಸಹಿ ಹಾಕಿದೆ. ನಾನು ಗೆದ್ದೆನೆಂದುಕೊಂಡು ಮನೆಗೆ ಬರುವಷ್ಟರಲ್ಲಿ ಆಳಂದದ ತುಂಬ ಸುದ್ದಿ: ಇಸ್ಪೀಟ ಕೇಸಿನಾಗ ಮಾಸ್ತರ ಹೆಸರದಂತ, ಪೊಲೀಸರ ಜೋಡಿ ಜಗಳಾನೂ ಮಾಡ್ಯಾರಂತ.

ಸುದ್ದಿ ಆಳಂದದಲ್ಲೇ ನಿಂತಿದ್ದರೆ ಚಿಂತೆಯಿರಲಿಲ್ಲ. ಅದು ಅಫಜಲಪುರಕ್ಕೂ ಹೋಯಿತು. ಅಲ್ಲಿಯ ಒಂದು ಮನೆಯ ಹುಡುಗನಿಗೂ ನಮ್ಮ ಮಗಳು ಭಾಗ್ಯಶ್ರೀಗೂ ಮಾತುಕತೆ ನಡೆದಿತ್ತು. ಹುಡುಗ ಸೊನ್ನದ ಬ್ಯಾರೇಜಿನಲ್ಲಿ ಇಂಜಿನಿಯರ್. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ನಿಶ್ಚಯದ ದಿನ ಗೊತ್ತುಮಾಡುವುದಷ್ಟೇ ಬಾಕಿ ಇತ್ತು. ಆಗ ಹುಡುಗನ ತಂದೆಯ ಫೋನು ಬಂತು. "ಮಾಸ್ತರ, ತಪ್ಪು ತಿಳಕೋಬ್ಯಾಡ್ರಿ. ನಮ್ಮ ಅವ್ವ ಒಮ್ಮಿ ನೋಡಾಕ ಬರ್ತಾಳಂತ್ರಿ."

"ಬರ್ಲಿ ಬಿಡ್ರಿ. ಹುಡಿಗಿನ್ನ ಮೊನ್ನೆ ನೋಡ್ಯಾರಲ್ರಿ?"

"ಹುಡಿಗಿನ್ನಲ್ರಿ" ಎಂದು ಅವರು ಗಂಟಲು ಸರಿಮಾಡಿಕೊಂಡರು. "ನಿಮ್ಮನ್ನ."

ಶಾಂತಾ ತಲೆಯ ಮೇಲೆ ಕೈಹೊತ್ತು ಕೂತಳು. ಆಮೇಲೆ ಎದ್ದು ಕಪಾಟು ಖಾಲಿ ಮಾಡಿ ಕಟ್ಟುಗಳನ್ನೆಲ್ಲ ಜೋಳದ ಡಬ್ಬಿಗೆ ತುಂಬತೊಡಗಿದಳು. ಅವಳನ್ನು ತಡೆದವಳು ಮಗಳು. "ಯವ್ವಾ, ಮುಚ್ಚಿಟ್ಟು ಲಗ್ನ ಆಗೂದು ನನಗ ಬ್ಯಾಡ. ಅಪ್ಪ ಏನ ಅದಾನೋ ಹಂಗ ನೋಡ್ಲಿ" ಎಂದಳು. ಮಾತು ಗಟ್ಟಿಯಾಗಿತ್ತು, ಕಣ್ಣುಗಳು ಮಾತ್ರ ಕೆಂಪಾಗಿದ್ದವು. ಅದನ್ನು ನೋಡಿ ನಾನು ದೇವರ ಕೋಣೆಗೆ ಹೋದೆ. ಸಂಬಂಧ ಮುರಿದರೆ ಇನ್ನೂರ ಹದಿನಾಲ್ಕು ಕಟ್ಟನ್ನೂ ನೀರೊಲೆಗೆ ಹಾಕುವುದೆಂದು ದೇವರ ಮುಂದೆ ಹೇಳಿಕೊಂಡೆ. ಹೇಳಿಕೊಳ್ಳುವಾಗ ಎರಡು ಕಟ್ಟನ್ನು ಬಿಟ್ಟು ಎಂದು ಮನಸ್ಸಿನಲ್ಲೇ ಸೇರಿಸಿಕೊಂಡದ್ದನ್ನು ದೇವರು ಕ್ಷಮಿಸಬೇಕು.

ರವಿವಾರ ಬೆಳಿಗ್ಗೆ ಆಯಿ, ಅಂದರೆ ಹುಡುಗನ ಅಜ್ಜಿ, ಬಂದರು; ಜೊತೆಯಲ್ಲಿ ಮಗ, ನಮಗೆ ಬೀಗರಾಗಬೇಕಾದವರು. ಎಂಬತ್ತು ದಾಟಿದ ಬೆನ್ನು ನೆಟ್ಟಗಿತ್ತು. ನಾನು ಹೊಸ ಅಂಗಿ ತೊಟ್ಟು, ತಲೆ ತಗ್ಗಿಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಹೆಣ್ಣುಮಕ್ಕಳು ಇಂಥ ಗಳಿಗೆಯನ್ನು ಹೇಗೆ ಸಹಿಸುತ್ತಾರೋ! "ಕೈ ತೋರಸ್ರಿ ಮಾಸ್ತರ" ಎಂದರು ಆಯಿ. ತೋರಿಸಿದೆ. ಬೆರಳುಗಳನ್ನು ಒತ್ತಿ ನೋಡಿ ಹೂಂಗುಟ್ಟಿದರು. "ಬಾಯಿಲೆ ಯಾರರ ಏನರ ಹೇಳಬೌದು. ನಮ್ಮನಿಯವ್ರೂ ನಾ ಎಲಿ ಮುಟ್ಟೇ ಇಲ್ಲ ಅಂತಿದ್ರು, ನದಿ ದಂಡಿ ಎರಡೆಕ್ರಿ ಹೋಗೂ ತನಕ. ಅವ್ರ ಸುಳ್ಳು ಹಿಡ್ಯಾಕ ಹೋಗಿ ನಾನೂ ಆಟ ಕಲತೇನಿ. ಬರ್ರಿ, ಕೆಳಗ ಕೂಡ್ರಿ." ಹೀಗೆಂದು ಸೊಂಟದ ಸಂಚಿಯಿಂದ ಒಂದು ಕಟ್ಟು ತೆಗೆದು ಚಾಪೆಯ ಮೇಲಿಟ್ಟರು.

ನಾನು ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಮೂಲೆಗಳು ಚೌಕ, ದುಂಡಗಿಲ್ಲ. ಅಂಕಿಗಳಿಲ್ಲ. ಬೆನ್ನಿಗೆ ನೀಲಿ ಬಳ್ಳಿಯ ಚಿತ್ತಾರ. ನಿಜಾಮರ ಕಾಲದಲ್ಲಿ ಅವರ ಮಾವ ಹೈದರಾಬಾದಿನಿಂದ ತಂದದ್ದಂತೆ. ಇಪ್ಪತ್ತು ವರ್ಷ ಹುಡುಕಿದರೂ ಇಂಥದೊಂದು ನನಗೆ ಸಿಕ್ಕಿರಲಿಲ್ಲ. "ಕಲಸ್ರಿ" ಎಂದರು ಆಯಿ. ಮೂಲೆ ಮಡಚೀತೆಂಬ ಭಯದಲ್ಲಿ ನಾನು ಒಂದೊಂದೇ ಎಲೆಯನ್ನು ಅಂಚು ಹಿಡಿದು ಎತ್ತಿ ಎತ್ತಿ ಇಡತೊಡಗಿದೆ. ಐದು ನಿಮಿಷ ನೋಡಿ ಆಯಿ, "ಹಪ್ಪಳ ಒಣಗಿಸಾಕತ್ತೀರೇನು?" ಎಂದು ಕಸಿದುಕೊಂಡು ತಾವೇ ಕಲಸಿದರು. ಆಟದ ಹೆಸರು ಮೆಂಡಿಕೋಟ. ಆಯಿ ಮತ್ತು ಮಗ ಒಂದು ಜೋಡಿ, ನಾನು ಮತ್ತು ಶಾಂತಾ ಇನ್ನೊಂದು. ಕಟ್ಟಿನಲ್ಲಿರುವ ನಾಲ್ಕು ಹತ್ತುಗಳಲ್ಲಿ ಹೆಚ್ಚು ಹತ್ತುಗಳನ್ನು ಗೆದ್ದ ಜೋಡಿಗೆ ಆಟ. ಶಾಂತಾ ಬೇಡ ಬೇಡವೆನ್ನುತ್ತಲೇ ಕೂತಳು. ಎಲೆಗಳನ್ನು ಎತ್ತಿಕೊಂಡವಳು ಒಂದೇ ಏಟಿಗೆ ಬೀಸಣಿಗೆಯಂತೆ ಬಿಡಿಸಿ ಹಿಡಿದಳು. ಹಿರೋಳ್ಳಿಯ ತವರುಮನೆಯಲ್ಲಿ ಅಣ್ಣಂದಿರ ಜೊತೆ ಆಡಿ ಬೆಳೆದ ಕೈ ಅದು. ಮದುವೆಯಾದ ಇಪ್ಪತ್ತೈದು ವರ್ಷಗಳಲ್ಲಿ ಈ ವಿಷಯ ನನಗೆ ತಿಳಿದಿರಲಿಲ್ಲ.

ಎರಡು ಹತ್ತು ಅವರಿಗೆ ಹೋದವು, ಒಂದನ್ನು ಶಾಂತಾ ಹೊಡೆದಳು. ಉಳಿದದ್ದು ಇಸ್ಪೀಟಿನ ಹತ್ತು ಮಾತ್ರ, ಅದು ಬಂದರೆ ಸರಿಸಮ. ನಾನೋ, ಕೈಯಲ್ಲಿದ್ದ ಇಸ್ಪೀಟಿನ ಎಕ್ಕವನ್ನು ಓದುವುದರಲ್ಲಿ ಮುಳುಗಿದ್ದೆ. ನಡುವಿನ ದೊಡ್ಡ ಗುರುತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬೆಲ್ಜಿಯಂ ಎಂದಿತ್ತು. ಬೆಲ್ಜಿಯಂ! ಸಮುದ್ರ ದಾಟಿ, ಹೈದರಾಬಾದು ದಾಟಿ, ಭೀಮಾ ನದಿಯ ದಂಡೆಗೆ ಬಂದು, ಎರಡು ಎಕರೆ ಹೊಲ ನುಂಗಿ ಈಗ ನನ್ನ ಕೈಯಲ್ಲಿ ಕೂತಿದೆ. ಅಷ್ಟರಲ್ಲಿ ಆಯಿ ಇಸ್ಪೀಟಿನ ರಾಜನನ್ನು ಚಾಪೆಗೆ ರಪ್ಪನೆ ಬಡಿದರು. ಶಾಂತಾಳ ಬಳಿ ಇಸ್ಪೀಟಿನಲ್ಲಿ ಉಳಿದದ್ದು ಹತ್ತೊಂದೇ, ವಿಧಿಯಿಲ್ಲದೆ ಹಾಕಿದಳು. ಬೀಗರು ಮೂರು ಹಾಕಿದರು. ಇನ್ನು ನನ್ನ ಸರದಿ. ರಾಜನ ಮೇಲೆ ಎಕ್ಕ ಬಿದ್ದರೆ ಹತ್ತು ನಮ್ಮದು. ಅಷ್ಟು ಆಟ ನನಗೂ ತಿಳಿದಿತ್ತು. ಆದರೆ ನನ್ನ ಎಲೆ ಬೀಳಬೇಕಾದ ಜಾಗದಲ್ಲಿ, ಮಂಡಕ್ಕಿಯ ಸುಸಲಾದ ಜೊತೆ ಕೊಟ್ಟ ಮಿರ್ಚಿಯ ಎಣ್ಣೆ ಅಂಗೈಯಗಲ ಹರಡಿಕೊಂಡಿತ್ತು. ನೂರು ವರ್ಷದ ಬೆಲ್ಜಿಯಂ ಎಕ್ಕವನ್ನು ಮಿರ್ಚಿಯ ಎಣ್ಣೆಗೆ ಹೇಗೆ ಹಾಕಲಿ? ನನ್ನ ಹತ್ತಿರ ಇಸ್ಪೀಟಿನ ಐದು ಕೂಡ ಇತ್ತು. ಅದರ ತುದಿ ಮೊದಲೇ ಹರಿದಿತ್ತು.

"ಎಕ್ಕಾ ಹಾಕ್ರೀ!" ಎಂದು ಶಾಂತಾ ಚೀರಿದಳು. ಬೀಗರೆದುರು ಅವಳು ದನಿ ಎತ್ತಿದ್ದು ಅದೇ ಮೊದಲು.

ನಾನು ಐದನ್ನು ಹಾಕಿದೆ.

ಆಯಿ ಹತ್ತನ್ನು ತಮ್ಮ ಕಡೆ ಎಳೆದುಕೊಂಡರು. ಮಗಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಆಟ ಮುಗಿದಾಗ ನನ್ನ ಕೈಯಲ್ಲಿ ಉಳಿದ ಕೊನೆಯ ಎಲೆ ಅದೇ ಎಕ್ಕ. ಅದನ್ನು ಅಂಗಿಯ ತುದಿಯಿಂದ ಒರೆಸಿ ಎರಡೂ ಕೈಯಿಂದ ಆಯಿಗೆ ಒಪ್ಪಿಸಿದೆ. ಆಯಿ ಮೊದಲು ನನ್ನನ್ನು ನೋಡಿದರು, ಆಮೇಲೆ ಎಣ್ಣೆಯ ಕಲೆಯನ್ನು ನೋಡಿದರು. ಒಮ್ಮೆಲೇ ನಗತೊಡಗಿದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಮಗನಿಗೆ ಹೇಳಿದರು: "ಎಕ್ಕ ಇವ್ರ ಕೈಯಾಗ ಅದ ಅಂತ ಮಾರಿ ನೋಡೇ ಗೊತ್ತಾಗಿತ್ತೋ. ಬೇಕಂತ್ಲೇ ರಾಜಾನ್ನ ಬಿಟ್ಟೆ. ಜೂಜಿನ ಚಟ ಇದ್ದಾವ ಆ ಹೊತ್ತಿನ್ಯಾಗ ಕೈ ತಡೀಲಾರ. ನಿಮ್ಮಪ್ಪ ಇದ್ದಿದ್ರ ಚಾಪಿ ಹರಿಯೂ ಹಂಗ ಬಡೀತಿದ್ದ. ಎಕ್ಕಾ ಇಟ್ಕೊಂಡು ಸೋತಾವ್ನ ನಾ ಈ ಜನ್ಮದಾಗ ನೋಡಿಲ್ಲ. ಈ ಮನಷ್ಯಾ ಜೂಜುಗಾರ ಅಲ್ಲ, ಆಗಬೇಕಂದ್ರೂ ಆಗಾಂಗಿಲ್ಲ. ನಿಶ್ಚಯದ ದಿನಾ ನೋಡಸು." ಆಮೇಲೆ ಶಾಂತಾಳ ಕಡೆ ತಿರುಗಿ, "ನೀ ಮಾತ್ರ ಛಲೋ ಆಡ್ತಿ ಬಿಡವ್ವಾ" ಎಂದರು. ಶಾಂತಾ ನಾಚಿ ಒಳಗೆ ಓಡಿದಳು. ನನ್ನ ಜೀವನದಲ್ಲಿ ನಾನು ಇಷ್ಟು ದೊಡ್ಡದಾಗಿ ಗೆದ್ದದ್ದು ಅದೊಂದೇ ಸಲ. ಮಗಳು ಬಂದು ಎಲ್ಲರೆದುರೇ ನನ್ನ ಕೊರಳಿಗೆ ಬಿದ್ದಳು, ನಾನೂ ಅತ್ತೆ.

ಆಯಿ ಹೊರಡುವಾಗ ಆ ಕಟ್ಟನ್ನು ನನ್ನ ಕೈಗೇ ಇಟ್ಟರು. ಎಣಿಸಿದರೆ ಐವತ್ತೊಂದು. "ಎಕ್ಕ ಲಗ್ನದ ದಿನಾ" ಎಂದು ಸಂಚಿ ತಟ್ಟಿ ತೋರಿಸಿದರು. ಮಾತಿಗೆ ತಪ್ಪಲಿಲ್ಲ. ಅಫಜಲಪುರದಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಪಕ್ಕಕ್ಕೆ ಬಂದು ಎಕ್ಕವನ್ನು ನನ್ನ ಕೈಗೆ ತುರುಕಿದರು. ಮದುವೆಯ ಅಲ್ಬಮ್ಮಿನಲ್ಲಿ ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದಾರೆ. ಹುಡುಗಿಯ ಅಪ್ಪ ಒಬ್ಬ ಮಾತ್ರ ಭೂತಗನ್ನಡಿ ಹಿಡಿದು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಾನೆ.

ಈಗ ಮೂರು ತಾಲೂಕಿನಲ್ಲೂ ನನ್ನನ್ನು ಜೂಜುಗಾರನೆನ್ನುವ ಒಬ್ಬ ಮನುಷ್ಯನಿಲ್ಲ. ಯಾರಾದರೂ ಅಂದರೆ ಶಾಂತಾಳೇ ಮುಂದೆ ನಿಂತು ಐದರ ಕಥೆ ಹೇಳುತ್ತಾಳೆ, ಕೇಳದವರಿಗೂ ಹೇಳುತ್ತಾಳೆ. ಮಹಬೂಬಸಾಬರು ಜೇವರ್ಗಿಯಿಂದ ಫೋನು ಮಾಡಿ ಮುಬಾರಕ್ ಹೇಳಿ, "ಎಕ್ಕಾ ಇದ್ದೂ ಸೋತ್ರಂತಲ್ರಿ ಮಾಸ್ತರ್ ಸಾಬ್?" ಎಂದು ಕೇಳಿದರು. ಕಥೆ ಕೊನೆಗೆ ನಮ್ಮ ಶಾಲೆಗೂ ಬಂತು. ಮೊನ್ನೆ ಹೆಡ್ ಮಾಸ್ತರರು ನನ್ನನ್ನು ಕರೆದು ಕುರ್ಚಿ ತೋರಿಸಿ, ಈ ಸಲ ಕಣ್ಣು ಮಿಟುಕಿಸದೆ, ಬಹಳ ಮರ್ಯಾದೆಯಿಂದ ಹೇಳಿದರು: "ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ವರ್ಷ ಸಂಭವನೀಯತೆ ಪಾಠ ಬ್ಯಾರೆ ಯಾರಿಗರ ಕೊಡೋಣ್ರಿ."