ಬೋರ್ ತಪಾಸಣೆಯ ನಡಾವಳಿ

ಅಮೆರಿಕದ ಮನ್ರೋ ಊರಿನ ನುಡಿತೋರಣ ಕನ್ನಡ ಬಳಗದ ಸದಸ್ಯರು ಪರಸ್ಪರ ಮಾರಿಕೊಳ್ಳುವ ಯಾವುದೇ ಹಳೆಯ ವಸ್ತುವನ್ನು ಬಳಗದ ತಜ್ಞರು ಪರೀಕ್ಷಿಸಿ ದೃಢೀಕರಿಸತಕ್ಕದ್ದು. ಇದು ನಿಯಮ ಹದಿನಾಲ್ಕು. ಅದರಂತೆ, ಅಧ್ಯಕ್ಷ ಶಿವಶಂಕರಪ್ಪನವರು ತಮ್ಮ ಹಳೆಯ ಬೇಟೆ ರೈಫಲನ್ನು ಸದಸ್ಯ ದಿವಾಕರ ಅವರಿಗೆ ಮಾರಹೊರಟಾಗ ತಪಾಸಣಾ ಸಭೆ ಕರೆಯಲಾಯಿತು. ಕಾರ್ಯದರ್ಶಿಯಾದ ನಾನು ನಡಾವಳಿ ಬರೆದೆ. ಲೈಸೆನ್ಸು, ಪರ್ಮಿಟ್ಟು ಎಲ್ಲ ಸರಿಯಿದ್ದವು. ನಳಿಗೆ ಮಾತ್ರ ಸರಿಯಿರಲಿಲ್ಲ.

ರೈಫಲ್ ಕೊಳ್ಳುವಾಗ ಮೊದಲು ಬೋರ್ ನೋಡಬೇಕು, ಅಂದರೆ ನಳಿಗೆಯ ಒಳಮೈ, ಎಂದು ದಿವಾಕರ ಎಲ್ಲೋ ಓದಿದ್ದರು. ಬೋರ್ ವಿಷಯದಲ್ಲಿ ನಮ್ಮ ಬಳಗದಲ್ಲಿ ಶಂಕರನಾರಾಯಣ ಅಂಕಲ್‌ಗಿಂತ ಅರ್ಹರಿಲ್ಲ. ಮೈಸೂರಿನ ಅಂತರ್ಜಲ ಇಲಾಖೆಯಲ್ಲಿ ಮೂವತ್ತು ವರ್ಷ ಬೋರ್‌ವೆಲ್ ಪಾಸು ಮಾಡಿ ನಿವೃತ್ತರಾದವರು.

ಅಂಕಲ್ ಫೋನಿನ ಟಾರ್ಚು ಬಿಟ್ಟು ಇಣುಕಿದರು. "ತುಕ್ಕು ಇದೆ. ಕಬ್ಬಿಣದ ಅಂಶ ಅಷ್ಟೆ, ಗಾಬರಿ ಬೇಡ. ಒಳಗಿನ ಗೆರೆಗಳೆಲ್ಲ ಸವೆದು ನುಣ್ಣಗಾಗಿವೆ, ಇನ್ನೇನು ಬೇಕು?" ಒಂದು ಲೋಟ ನೀರು ಹೊಯ್ದರು. ಸಲೀಸಾಗಿ ಹರಿಯಿತು. ನಡುವೆ ಉಂಗುರದಂಥ ನೆರಳೊಂದು ಕಂಡಿತು. "ಅಗೋ, ಸೆಲೆ!"

ದಿವಾಕರರ ಮಗಳು ಧೃತಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಾಳೆ. ನಳಿಗೆಯ ಮೇಲೆ ಬೆರಳಾಡಿಸಿದವಳೇ, ಅದೇ ಸೆಲೆಯ ಜಾಗದಲ್ಲಿ ಉಬ್ಬು ತಾಕಿ, ಕಿರುಚಿದಳು: "ಅಪ್ಪಾ, ಸ್ಟಾಪ್! ದೇರ್ಸ್ ಅ ಬಲ್ಜ್. ಇಟ್ ವಿಲ್ ಬ್ಲೋ ಅಪ್ ಇನ್ ಯುವರ್ ಫೇಸ್!"

"ಸಭೆಯಲ್ಲಿ ಇಂಗ್ಲಿಷ್ ಅಬ್ಜೆಕ್ಷನ್ ರೆಕಾರ್ಡ್ ಮಾಡೋ ಪ್ರೊವಿಷನ್ ಇಲ್ಲಮ್ಮ," ಎಂದರು ಅಧ್ಯಕ್ಷರು.

ಪಾಪ, ಹುಡುಗಿ ಕನ್ನಡಕ್ಕಾಗಿ ತಡಕಾಡಿದಳು. "ಅದಕ್ಕೆ... ಹೊಟ್ಟೆ ಬಂದಿದೆ ಅಂಕಲ್! ಹೊಟ್ಟೆ! ಒಡೆದುಹೋಗತ್ತೆ!"

ಅಧ್ಯಕ್ಷರು ಶರ್ಟು ಕೆಳಗೆಳೆದುಕೊಂಡರು. ವೈಯಕ್ತಿಕ ಟೀಕೆ ಎಂಬ ಕಾರಣಕ್ಕೆ ಆಕ್ಷೇಪಣೆ ವಜಾ ಆಯಿತು.

"ಸುಮ್ನಿರೇ, ದೊಡ್ಡವರು ನೋಡಿದಾರಲ್ಲ," ಎಂದು ದಿವಾಕರ ಮಗಳನ್ನೇ ಗದರಿದರು. ಥೂ, ನನಗೆ ಮೈಯೆಲ್ಲ ಉರಿಯಿತು. ಆದರೆ ಮೈ ಉರಿದದ್ದನ್ನು ನಡಾವಳಿಯಲ್ಲಿ ಬರೆಯುವ ಪದ್ಧತಿಯಿಲ್ಲ. ಮೊಹರು ಒತ್ತಿದೆ.

ನವೆಂಬರಿನಲ್ಲಿ ದಿವಾಕರ ಅಪ್‌ಸ್ಟೇಟ್ ನ್ಯೂಯಾರ್ಕಿನ ಕಾಡಿಗೆ ಹೋಗಿ ಜಿಂಕೆಗೆ ಗುರಿಯಿಟ್ಟರು. ಸೆಲೆಯಿದ್ದ ಜಾಗದಲ್ಲೇ ನಳಿಗೆ ಒಡೆಯಿತು. ಜಿಂಕೆ ಕ್ಷೇಮವಾಗಿದೆ. ದಿವಾಕರರ ಬಲಗಣ್ಣು ಹೋಯಿತು.

ವಿಶೇಷ ಸಭೆ ಸೇರಿತು. "ಬೋರ್ ಅಂದ್ಮೇಲೆ ಕೆಲವು ಫೇಲ್ ಆಗ್ತವೆ," ಎಂದು ಅಂಕಲ್ ತಾಂತ್ರಿಕ ವಿವರಣೆ ಕೊಟ್ಟರು. ಅಧ್ಯಕ್ಷರು ಠರಾವು ಓದಿದರು: "ಗುರಿಯಿಡುವಾಗ ಹೇಗೂ ಒಂದು ಕಣ್ಣು ಮುಚ್ಚಬೇಕಾಗಿರುವುದರಿಂದ, ಸದರಿ ಸದಸ್ಯರಿಗೆ ಯಾವುದೇ ನಷ್ಟ ಸಂಭವಿಸಿಲ್ಲವೆಂದು ಬಳಗವು ಪರಿಗಣಿಸುತ್ತದೆ."

ಧೃತಿ ಅಳುತ್ತ ಎದ್ದುಹೋದಳು. ಅಳು ಯಾವ ಭಾಷೆಯದೆಂದು ತೀರ್ಮಾನವಾಗದ್ದರಿಂದ ದಾಖಲಿಸಿಲ್ಲ.

ಉಳಿದವರೆಲ್ಲ ಕೈಯೆತ್ತಿದರು. ಬಲಗಡೆಯವರು ಕಾಣದ್ದರಿಂದ ದಿವಾಕರ ತಲೆಯನ್ನು ಪೂರ್ತಿ ಆ ಕಡೆ ತಿರುಗಿಸಿ ನೋಡಿದರು. ಅಲ್ಲೂ ಎಲ್ಲ ಕೈಗಳು ಮೇಲಿದ್ದವು. ತಾವೂ ಎತ್ತಿದರು.